ಟವೆಲ್ಲಿನ ಕೆಳಗೆ ಒಂದು ಚಂದ್ರ

ರಾಣೇಬೆನ್ನೂರಿನ ಸಭಾಭವನದಲ್ಲಿ ಆ ಭಾನುವಾರ ಬೆಳಿಗ್ಗೆ ಪರದೆಯ ಹಗ್ಗ ಹಿಡಿದು ನಿಂತವನು ನಾನೇ. ಬೇರೆ ಯಾರೋ ಹಿಡಿದಿದ್ದರು ಎಂದು ಹೇಳಿಕೊಂಡು ಬದುಕಬಹುದಿತ್ತು. ಆದರೆ ಇಡೀ ತಂಡ ನೋಡಿದೆ, ಹಾಗಾಗಿ ಆ ಸುಖವೂ ನನಗಿಲ್ಲ.

ನಾನು ಹಾವೇರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಗ್ರಹ, ಉಪಗ್ರಹ ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಗೀಚಿ ಗೀಚಿ, ಅವನ್ನೆಲ್ಲ ರಂಗದ ಮೇಲೆ ತರುವ ಹುಚ್ಚು ಹತ್ತಿತು. ನಮ್ಮ ಹವ್ಯಾಸಿ ತಂಡಕ್ಕೆಂದು ಒಂದು ಬಾಹ್ಯಾಕಾಶದ ನಾಟಕ ಬರೆದೆ, ಅದೂ ನಮ್ಮ ಕಡೆಯ ಮಾತಿನಲ್ಲೇ. ಏಳು ಗ್ರಹಗಳ ಒಂದು ಮಹಾಸಭೆ, ಆ ಸಭೆಗೊಬ್ಬ ಮೆತ್ತಗೆ ಮಾತಾಡುವ ಮಂತ್ರಿ. ಅವನು ಯುದ್ಧ ಹೂಡುವುದಿಲ್ಲ. ಒಂದೊಂದು ಗ್ರಹದ ಒಡೆಯನನ್ನು ಪಕ್ಕಕ್ಕೆ ಕರೆದು, ಹೆಗಲ ಮೇಲಿನ ಟವೆಲ್ಲನ್ನು ಇಬ್ಬರ ಕೈಮೇಲೆ ಹೊದಿಸಿ, ಒಳಗೆ ಬೆರಳು ಹಿಡಿಯುತ್ತಾನೆ. ಎರಡು ಬೆರಳು ಹಿಡಿದರೆ ನಿನಗೆ ಎರಡು ಚಂದ್ರ, ಮೂರು ಹಿಡಿದರೆ ಮೂರು. ಬದಲಿಗೆ ಸಭೆಯಲ್ಲಿ ಸುಮ್ಮನಿದ್ದರಾಯಿತು. ಪ್ರತಿಯೊಬ್ಬನೂ ತನಗೊಬ್ಬನಿಗೇ ಸಿಕ್ಕಿತೆಂದು ತಿಳಿಯುತ್ತಾನೆ. ಹೀಗೆ ಮಂತ್ರಿ ಒಂದು ದಿನ ಚಕ್ರವರ್ತಿಯಾಗಿ ಕುಳಿತುಬಿಡುತ್ತಾನೆ.

ಟವೆಲ್ಲಿನ ಈ ವಿದ್ಯೆ ನನ್ನ ಕಲ್ಪನೆಯೇನಲ್ಲ. ನಮ್ಮಪ್ಪ ಹಾವೇರಿಯ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದ. ಎತ್ತಿನ ವ್ಯಾಪಾರವೆಲ್ಲ ಟವೆಲ್ಲಿನ ಕೆಳಗೇ ನಡೆಯುತ್ತಿತ್ತು, ಪಕ್ಕದಲ್ಲಿ ನಿಂತವನಿಗೂ ಏನು ಕುದುರಿತೆಂದು ತಿಳಿಯುತ್ತಿರಲಿಲ್ಲ.

ತಾಲೀಮಿಗೆ ಜಾಗವಿರಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬ ತನ್ನ ಗೋದಾಮು ಬಿಟ್ಟುಕೊಟ್ಟ. ನಾವೆಲ್ಲ ಅವನನ್ನು ಸಾವ್ಕಾರ್ರು ಎನ್ನುತ್ತಿದ್ದೆವು. ಮೊದಲ ದಿನ ಘಾಟಿಗೆ ನಮ್ಮ ಗ್ರಹಾಧಿಪತಿಗಳೆಲ್ಲ ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸಿದರು. ಮಂತ್ರಿಯ ಪಾತ್ರದವನಿಗಂತೂ ಒಂದು ವಾಕ್ಯ ಮುಗಿಸಲಾಗಲಿಲ್ಲ. ಮೂಲೆಯಲ್ಲಿ ಕುಳಿತಿದ್ದ ಸಾವ್ಕಾರ ಎದ್ದು ಬಂದು ಆ ಮಾತನ್ನು ಉಸಿರು ಕಡಿಯದೆ ಹೇಳಿದ. ಕೆಮ್ಮದವನು ಅವನೊಬ್ಬನೇ. ಹೀಗೆ ಪಾತ್ರ ಅವನದಾಯಿತು. ಬೆರಳಿನ ಲೆಕ್ಕವನ್ನು ನಾನೇ ಕೂತು ಕಲಿಸಿಕೊಟ್ಟೆ, ದಡ್ಡ ನಾನು.

ಕೊನೆಯ ದೃಶ್ಯ ನನ್ನ ಮಗಳದು. ಡಿಗ್ರಿ ಎರಡನೇ ವರ್ಷದಲ್ಲಿದ್ದಳು, ಅದುವರೆಗೆ ರಂಗ ಹತ್ತಿದವಳಲ್ಲ. ಅತಿ ಸಣ್ಣ ಗ್ರಹದ ರಾಣಿ ಅವಳು. ಚಕ್ರವರ್ತಿಯ ಎದುರು ಬರಿಗೈ ಎತ್ತಿ, "ನನ್ನ ಕೈ ಬಯಲಾಗೈತಿ, ನೋಡ್ರಿ! ನಿಮ್ಮವೂ ಹೊರಗ ತಗೀರಿ!" ಎನ್ನಬೇಕು. ಆಗ ಉಳಿದ ಆರೂ ಒಡೆಯರು ಒಬ್ಬೊಬ್ಬರಾಗಿ ಕೈಯೆತ್ತಿ, ಅವನನ್ನು ಕುರ್ಚಿಯಿಂದ ಇಳಿಸಬೇಕು. ನಾಟಕದ ಪ್ರಾಣವೇ ಅಲ್ಲಿತ್ತು. ಅವಳು ಮನೆಯಲ್ಲಿ ರೊಟ್ಟಿ ಬಡಿಯುವಾಗ ಆ ಬಡಿತಕ್ಕೇ ಸರಿಯಾಗಿ ಈ ಮಾತು ಹೇಳಿಕೊಳ್ಳುತ್ತಿದ್ದಳು. ಅವಳಮ್ಮ ನಕ್ಕು ನಕ್ಕು ಸಾಕಾಗಿ, "ರಾಣ್ಯಾರ, ರೊಟ್ಟಿ ಹೊತ್ತಾಕತ್ತಾವ" ಎನ್ನುತ್ತಿದ್ದಳು.

ಸಾವ್ಕಾರ ಮೊದಲು ತಂಡದ ವಾಟ್ಸಾಪ್ ಗುಂಪಿಗೆ ಅಡ್ಮಿನ್ ಆದ. ವಾರದೊಳಗೆ ಅಲ್ಲಿ ಅವನ ಹೊರತು ಯಾರೂ ಮೆಸೇಜು ಹಾಕುವಂತಿರಲಿಲ್ಲ. ನಾವು ಅದನ್ನೇ ತಮಾಷೆ ಮಾಡಿಕೊಂಡು ನಕ್ಕೆವು. ಆಮೇಲೆ ಒಂದು ದಿನ ನನ್ನನ್ನು ಕರೆದು ಹೇಳಿದ:

"ಮಾಸ್ತರ್ರ, ಕಡೀ ಸೀನು ಬ್ಯಾಡ. ನಮ್ಮ ವಾರ್ಡಿನ ಇಲೆಕ್ಷನ್ ಬರಾಕತ್ತೈತಿ, ನಾ ನಿಂದ್ರಾಂವ ಅದೀನಿ. ಮಂದಿ ಮುಂದ ಕುರ್ಚಿ ಇಳದ್ರ ಅಪಶಕುನರಿ."

"ಇಳೀಲಿಲ್ಲಂದ್ರ ಅದು ನಾಟಕನ ಅಲ್ಲರಿ, ಸಾವ್ಕಾರ್ರ."

"ನೋಡೂಣು ಬಿಡ್ರಿ" ಎಂದು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ.

ಮರುದಿನದ ತಾಲೀಮಿಗೆ ಮಗಳು ಕಾಲೇಜಿನಿಂದ ಬಂದಿರಲಿಲ್ಲ. ಅವಳ ಮಾತನ್ನು ನಾನೇ ಓದಿದೆ, ಆದರೆ ಯಾರೂ ಕೈಯೆತ್ತಲಿಲ್ಲ. ರಾಣೇಬೆನ್ನೂರಿನ ನಾಟಕ ಸ್ಪರ್ಧೆಗೆ ನಾಲ್ಕೇ ದಿನ ಉಳಿದಿತ್ತು. ಒಡೆಯರ ಪಾತ್ರದವರನ್ನು ಹುಡುಕಿಕೊಂಡು ಬೈಕು ಹತ್ತಿ ಊರೂರು ಅಲೆದೆ. ಕರ್ಜಗಿಯವನು, "ಎಲ್ಲಾರೂ ಹೆಂಗಂತಾರ ಹಂಗರಿ ಸರ" ಎಂದು ಎಮ್ಮೆ ಕಟ್ಟಲು ಎದ್ದುಹೋದ. ಹೊಸರಿತ್ತಿಯಲ್ಲಿ ಹೆಂಡತಿ ಬಾಗಿಲಿಗೆ ಬಂದು, ಮನೆಯವರು ಊರಲ್ಲಿಲ್ಲ ಎಂದಳು. ಅವನ ಚಪ್ಪಲಿಗಳು ನನ್ನ ಕಾಲ ಬಳಿಯೇ ಇದ್ದವು. ಕುಪ್ಪೇಲೂರಿನವನ ಎದುರಂತೂ ನಾಚಿಕೆ ಬಿಟ್ಟು ಕೈಮುಗಿದೆ.

"ನಿಮಗೂ ಟವೆಲ್ ಹಾಕಿದ್ನೇನು?" ಎಂದು ಕೇಳಿದೆ.

ಅವನು ತನ್ನ ಕೈಯನ್ನೇ ನೋಡಿಕೊಂಡ. "ಹಾಕಿದ್ನರಿ. ಆದ್ರ ಕಲಿಸಿದಾವ್ರು ನೀವ ಅಲ್ಲೇನ್ರಿ ಸರ?"

ವಾಪಸು ಬರುವಾಗ ಬೈಕು ನಿಲ್ಲಿಸಿ ರಸ್ತೆಯ ಬದಿಗೆ ಕುಳಿತು ಅತ್ತೆ. ಇಷ್ಟು ವಯಸ್ಸಾದವನು ಒಂದು ನಾಟಕಕ್ಕಾಗಿ ಅಳುತ್ತಾನೆಯೇ ಎಂದು ನಗಬಹುದು. ಶಾಲೆ, ಮನೆ, ಅದರಾಚೆ ನನ್ನದು ಎನ್ನಲು ನನಗಿದ್ದದ್ದು ಆ ತಂಡವೊಂದೇ.

ಸ್ಪರ್ಧೆಯ ಹಿಂದಿನ ದಿನ ಮಧ್ಯಾಹ್ನ ಸಾವ್ಕಾರ ಗೋದಾಮಿಗೆ ಕರೆಸಿದ. ಚೀಲಗಳ ನಡುವೆ ನಾವಿಬ್ಬರೇ. ಇಬ್ಬರ ಕೈಮೇಲೆ ಟವೆಲ್ ಹೊದಿಸಿ ನನ್ನ ಒಂದು ಬೆರಳು ಹಿಡಿದ.

"ಬರೂ ವರ್ಷದ ನಾಟಕಾನೂ ನಿಮ್ಮದ. ಒಲ್ಲೆ ಅಂದ್ರ ಗೋದಾಮಿಗೆ ಕೀಲಿ, ತಂಡಕ್ಕೂ ಕೀಲಿ. ನೀವೇನೂ ಮಾಡೂದು ಬ್ಯಾಡ. ಪರದೆ ಲಗೂನ ಇಳಿಸಿದ್ರ ಸಾಕು."

ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ. ಹೇಗೂ ಯಾರೂ ಕೈಯೆತ್ತುವುದಿಲ್ಲ, ಮಗಳು ಒಬ್ಬಳೇ ನಿಂತು ನಗೆಪಾಟಲಾಗುವ ಬದಲು ಪರದೆ ಬೀಳಲಿ, ಅವಳ ಮಾನ ಉಳಿಯುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವಳಿಗೆ ಮಾತ್ರ ಹೇಳಲು ಬಾಯಿ ಬರಲಿಲ್ಲ. ಸಂಜೆಯೂ ಅವಳು ರೊಟ್ಟಿ ಬಡಿಯುತ್ತ ಅದೇ ಮಾತು ಹೇಳಿಕೊಳ್ಳುತ್ತಿದ್ದಳು.

ಕ್ಷೌರದ ಅಂಗಡಿಯಿಂದ ತಂದ ಕುರ್ಚಿಯೇ ನಮ್ಮ ಸಿಂಹಾಸನ. ಭಾನುವಾರ ಸಾವ್ಕಾರ ರಂಗದಲ್ಲಿ ಅದರ ಮೇಲೆ ಕೂತಿದ್ದ. ಮಗಳು ಮುಂದೆ ಬಂದು ಬರಿಗೈ ಎತ್ತಿದಳು. ಒಂದಕ್ಷರವೂ ತಪ್ಪಲಿಲ್ಲ. ಕೊನೆಯ ಸಾಲಿನವರೆಗೂ ಕೇಳಿಸುವಂತೆ ಹೇಳಿ ಕಾದಳು. ಆರೂ ಜನ ನೆಲ ನೋಡುತ್ತ ನಿಂತಿದ್ದರು. ಅವಳು ಕೈ ಇಳಿಸಲಿಲ್ಲ. ಕಣ್ಣು ತುಂಬಿಕೊಂಡು ಅದೇ ಮಾತನ್ನು ಮತ್ತೊಮ್ಮೆ ಹೇಳಿದಳು, ಈ ಸಲ ಪಕ್ಕದ ಪರದೆಯ ಕಡೆ, ನನ್ನ ಕಡೆ ತಿರುಗಿ. ನನಗೆ ಪಾತ್ರವಿರಲಿಲ್ಲ, ನಿಜ. ಆದರೆ ಎತ್ತಲು ಕೈ ಇತ್ತು. ಸಾವ್ಕಾರ ಕುರ್ಚಿಯಲ್ಲೇ ಕತ್ತು ಹೊರಳಿಸಿ ನನ್ನನ್ನು ನೋಡಿದ. ನಾನು ಹಗ್ಗ ಎಳೆದೆ.

ಸಭಾಂಗಣ ಚಪ್ಪಾಳೆ ತಟ್ಟಿತು. ತೀರ್ಪುಗಾರರೊಬ್ಬರು ಒಳಗೆ ಬಂದು, ಕೊನೆ ಬಹಳ ನೈಜವಾಗಿದೆ ಎಂದು ನನ್ನ ಬೆನ್ನು ತಟ್ಟಿದರು.

ಹಾವೇರಿಯ ಬಸ್ಸಿನಲ್ಲಿ ಮಗಳು ಕಿಟಕಿಯ ಬಳಿ ಕೂತಳು. ಮೋಟೆಬೆನ್ನೂರು ದಾಟಿದ ಮೇಲೆ, ನನ್ನ ತೊಡೆಯ ಮೇಲಿದ್ದ ಟವೆಲ್ಲಿನ ಕೆಳಗೆ ಕೈ ಇಟ್ಟಳು.

"ಅಪ್ಪಾ, ನಿನಗ ಎಷ್ಟ ಚಂದ್ರ ಕೊಟ್ಟ?"

ಸುಳ್ಳು ಹೇಳಬಹುದಿತ್ತು. ಹುಟ್ಟಿದಾಗಿನಿಂದ ಹಿಡಿದು ನಡೆಸಿದ ಆ ಕೈಯಲ್ಲಿ ಒಂದು ಬೆರಳನ್ನಷ್ಟೇ ಹಿಡಿದೆ.

ಅವಳು ಕಾದಳು, ಇನ್ನೊಂದಾದರೂ ಬೆರಳು ಹಿಡಿಯುತ್ತೇನೇನೋ ಎಂದು.

"ಬರೇ ಒಂದ ಚಂದ್ರಕ್ಕ?" ಎಂದು ಕೇಳಿ, ಕೈ ಹೊರಗೆ ತೆಗೆದುಕೊಂಡಳು.