ಮಲಗಿದ ಹುಲ್ಲಿನ ಕಾವಲು

ನಮ್ಮ ವಠಾರದ ನಡುವಿನ ಹುಲ್ಲುಹಾಸನ್ನು ನೋಡಿಕೊಳ್ಳುವುದು ಚಿಕ್ಕಮ್ಮನ ಕೆಲಸ. ಲಕ್ವ ಹೊಡೆದು ಮಲಗಿದ್ದ ಚಿಕ್ಕಪ್ಪ ಮತ್ತೆ ನಡೆಯಲು ಕಲಿತದ್ದು ಇದೇ ಹುಲ್ಲಿನ ಮೇಲೆ, ಬರಿಗಾಲಲ್ಲಿ. ಹಾಗಾಗಿ ಅದು ಅವಳಿಗೆ ಬರೀ ಕೆಲಸವಲ್ಲ.

ನಮ್ಮದು ಬಿಸಿಲಿನ ಊರು. ಆದರೂ ಚಳಿಗಾಲ ಬಂತೆಂದರೆ ಹುಲ್ಲು ಕಂದುಬಣ್ಣಕ್ಕೆ ತಿರುಗುತ್ತದೆ. "ಸತ್ತಿಲ್ಲ, ಮಲಗಿದೆ. ತುಳೀಬೇಡಿ, ಗೊಬ್ಬರ ಹಾಕಬೇಡಿ. ನೀರು ಬೇಕಾದಾಗ ನಾನೇ ಕೊಡ್ತೀನಿ," ಎಂದು ಚಿಕ್ಕಮ್ಮ ಮನೆಮನೆಗೆ ಹೇಳಿಬಂದಳು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ನಮ್ಮ ವಠಾರದವರ ಕರುಣೆ ಅಂಥದ್ದು. ತರಕಾರಿ ತೊಳೆದ ನೀರು, ಬಟ್ಟೆ ಜಾಲಾಡಿದ ನೀರು, ಎಲ್ಲವೂ ಕದ್ದುಮುಚ್ಚಿ ಹುಲ್ಲಿಗೇ. ತಾವೊಬ್ಬರೇ ಪುಣ್ಯ ಕಟ್ಟಿಕೊಳ್ಳುತ್ತಿದ್ದೇವೆಂದು ಪ್ರತಿಯೊಬ್ಬರೂ ತಿಳಿದಿದ್ದರು. ಮಲಗಿದ ಹುಲ್ಲು ಅಷ್ಟು ನೀರು ಕುಡಿದೀತೇ? ಅಲ್ಲಲ್ಲಿ ಕೊಳೆಯತೊಡಗಿತು.

ವಠಾರದ ಮಾಲೀಕರು ಬಂದು ಮೂಗು ಮುಚ್ಚಿಕೊಂಡರು. "ಬೇಸಿಗೆ ಹೊತ್ತಿಗೆ ಹಸಿರಾಗದಿದ್ರೆ ಕಲ್ಲು ಹಾಸಿಸಿಬಿಡ್ತೀನಮ್ಮ," ಎಂದರು.

ಅಂದಿನಿಂದ ಚಿಕ್ಕಮ್ಮ ಹುಲ್ಲಿನ ಅಂಚಿಗೆ ಕುರ್ಚಿ ಹಾಕಿಕೊಂಡು ಕಾವಲು ಕೂತಳು. ಬಿದ್ದ ಎಲೆ ಬಾಚುವುದು ಬಿಟ್ಟರೆ ಬೇರೇನೂ ಮಾಡುತ್ತಿರಲಿಲ್ಲ. ನಾನು ಸುಮ್ಮನೆ ಕೂರಲಾರದವಳು. ಅವಳನ್ನು ನೋಡಿದರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಚಿಕ್ಕಪ್ಪನನ್ನೂ ಅವಳು ಹುಲ್ಲಿಗೆ ಇಳಿಯಗೊಡಲಿಲ್ಲ.

"ನನಗಿಂತ ಹುಲ್ಲೇ ಹೆಚ್ಚಾಯ್ತು ನಿನಗೆ," ಎಂದು ಮುಖ ಊದಿಸಿಕೊಂಡು ಅವರು ಜಗುಲಿಯಲ್ಲೇ ನಡೆದಾಡಿದರು.

ಸೆಕೆ ಶುರುವಾಯಿತು. ಒಂದು ಬೆಳಿಗ್ಗೆ ಬಾಗಿಲು ತೆಗೆದವಳು ಹೊಸ್ತಿಲಲ್ಲೇ ನಿಂತುಬಿಟ್ಟೆ. ಕಂದು ಕಡ್ಡಿಗಳ ಬುಡದಲ್ಲಿ ಸೂಜಿಮೊನೆಯಷ್ಟು ಹಸಿರು, ಅಂಗಳದುದ್ದಕ್ಕೂ! ಯಾರೂ ಬಿತ್ತಿರಲಿಲ್ಲ. ಸತ್ತಿತೆಂದು ನಾವೆಲ್ಲ ಕೈಬಿಟ್ಟಿದ್ದು ಕಣ್ಣೆದುರೇ ಎದ್ದು ಬರುತ್ತಿತ್ತು. ನನ್ನ ಮೈ ಜುಮ್ಮೆಂದಿತು, ಕಣ್ಣು ತುಂಬಿತು. ನೋಡಲು ಬಂದ ಮಾಲೀಕರು ಚಪ್ಪಲಿ ಕಳಚಿ ಅಂಚಿನಲ್ಲಿ ನಿಂತು ಬಹಳ ಹೊತ್ತು ನೋಡಿದರು. ಕಲ್ಲಿನ ಮಾತೆತ್ತಲಿಲ್ಲ.

ಒಂದು ಜಾಗ ಮಾತ್ರ ಬೋಳಾಗಿತ್ತು. ಅದು ಚಿಕ್ಕಮ್ಮನದೇ ಅಡುಗೆಮನೆ ಕಿಟಕಿಯ ಕೆಳಗೆ, ಅವಳ ಕುರ್ಚಿಯ ಬೆನ್ನ ಹಿಂದೆ. ಚಿಕ್ಕಪ್ಪ ತಲೆ ತಗ್ಗಿಸಿದರು.

"ಕಿಟಕಿಯಿಂದ ದಿನಾ ಒಂದು ಚೊಂಬು ನೀರು ಹಾಕ್ತಿದ್ದೆ ಕಣೇ. ಒಣಗಿದ್ದನ್ನ ನೋಡ್ತಾ ಸುಮ್ಮನಿರೋಕೆ ಆಗ್ಲಿಲ್ಲ. ನಿನಗೆ ಹೇಗೆ ಸಾಧ್ಯ ಆಯ್ತು?"

ಚಿಕ್ಕಮ್ಮ ಬಯ್ಯಲಿಲ್ಲ. ಮಧ್ಯದಿಂದ ಬೇರುಸಮೇತ ಒಂದು ಹಿಡಿ ಹುಲ್ಲು ಕಿತ್ತು ತಂದು, ಇನ್ನೂ ಸ್ವಲ್ಪ ನಡುಗುವ ಅವರ ಬಲಗೈಗೆ ಇಟ್ಟಳು.

"ಆಸ್ಪತ್ರೆಲಿ ನೀವು ಕಣ್ಣು ಬಿಡದೆ ಮಲಗಿದ್ರಲ್ಲ, ಆಗ ಪಕ್ಕದಲ್ಲಿ ಕೂತು ಕಲಿತೆ," ಎಂದಳು. "ತಗೊಳ್ಳಿ, ಇದನ್ನ ಅಲ್ಲಿ ನೆಡಿ."