ಉಸಿರು ಹಿಡಿದ ಕರಡಿ

ಗದೆ ಹೊತ್ತ ಕಾಡುಹಂದಿ, ಕವಚ ತೊಟ್ಟ ಘೇಂಡಾಮೃಗ, ಕೊಡಲಿ ಹಿಡಿದ ಕಾಡುಕೋಣ. ಇಂಥವುಗಳ ಚಿತ್ರ ಬರೆಯುವುದೇ ಒಂದು ಉದ್ಯೋಗ ಎಂದು ನಮ್ಮ ನೆಂಟರಲ್ಲಿ ಅರ್ಧ ಜನ ಇನ್ನೂ ನಂಬಿಲ್ಲ. ಅಂಬತ್ತೂರಿನ ಒಂದು ಕಂಪ್ಯೂಟರ್ ಗೇಮ್ ಕಂಪನಿಯಲ್ಲಿ ನಾನು ಮಾಡುವುದು ಅದನ್ನೇ. ಮದುವೆಗೆ ಮುಂಚೆ ನಮ್ಮ ಮನೆಯಲ್ಲಿ ಬ್ಯಾಂಕ್ ಪರೀಕ್ಷೆ ಕಟ್ಟು ಎಂದು ತಲೆ ತಿಂದಿದ್ದರು. ಮದುವೆಯಾಗಿ ಚೆನ್ನೈಗೆ ಬಂದಾಗ ಅತ್ತೆ ಮಾತ್ರ ಏನೂ ಕೇಳದೆ, ತಮ್ಮ ಮಂಚವನ್ನು ಗೋಡೆಯ ಕಡೆ ಎಳೆಸಿ, ಕಿಟಕಿಯ ಬೆಳಕನ್ನು ನನ್ನ ಮೇಜಿಗೆ ಬಿಟ್ಟುಕೊಟ್ಟರು.

ಹೋದ ವರ್ಷ ಮೊದಲ ಸಲ ಒಂದು ಮುಖ್ಯ ಪಾತ್ರ ನನ್ನ ಕೈಗೆ ಬಂತು. ಕರಡಿಗಳ ಸೇನಾಪತಿ. ಹೆಣ್ಣು, ವಯಸ್ಸಾದವಳು, ಭಾರೀ ಮೈಯವಳು. ತೆಳು ಸೊಂಟದ ವೀರರನ್ನು ಬರೆದು ಬೇಸತ್ತಿದ್ದ ನನಗೆ ಹಬ್ಬವೇ ಆಯಿತು. ಮೂರು ದಿನದಲ್ಲಿ ಮುಗಿಸಿ ಒಯ್ದೆ. ಆಫೀಸಿನಲ್ಲಿ ನಮ್ಮ ಮೇಲಿನವರು ಮಾತು ಕಡಿಮೆಯ ಮನುಷ್ಯ. ತಲೆ ಓರೆ ಮಾಡಿ ನೋಡಿ, "ಫೋಟೋಗೆ ಹೊಟ್ಟೆ ಎಳ್ಕೊಂಡು ನಿಂತ ಹಾಗಿದೆಯಲ್ಲಮ್ಮ ನಿನ್ನ ಕರಡಿ. ಉಸಿರು ಬಿಡೋಕೆ ಹೇಳು," ಎಂದು ತಮಿಳಿನಲ್ಲಿ ಅಂದರು. ಸೋಮವಾರದೊಳಗೆ ಅದು ಉಸಿರು ಬಿಡದಿದ್ದರೆ ಪಾತ್ರ ಬೇರೆಯವರಿಗೆ ಹೋಗುತ್ತಿತ್ತು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮಾರನೆಯ ದಿನ ಬೆಳಿಗ್ಗೆಯೇ ಭಾರ ಹೊರುವವರನ್ನು ನೋಡಿ ಬರೆಯುತ್ತೇನೆಂದು ರಾಯಪುರಂನ ಮೀನು ಬಂದರಿಗೆ ಹೋದೆ. ಅಲ್ಲಿ ಮೀನಿನ ಬುಟ್ಟಿ ಹೊರುವವರೆಲ್ಲ ಒಣ ಕಡ್ಡಿಗಳು. ಬುಟ್ಟಿಯಲ್ಲಿದ್ದ ಮೀನೇ ಅವರಿಗಿಂತ ದಪ್ಪಗಿತ್ತು. ಬಟ್ಟೆಗೆಲ್ಲ ವಾಸನೆ ಹತ್ತಿಸಿಕೊಂಡು ಮನೆಗೆ ಬಂದೆ.

ಬಂದರೆ ಅಡುಗೆಮನೆಯ ನೆಲದ ಮೇಲೆ ಅತ್ತೆ ತುರಿಮಣೆ ಹಾಕಿಕೊಂಡು ಕೂತಿದ್ದರು. ಕಾಯಿ ತುರಿದಾದ ಮೇಲೆ ಎದ್ದರು. ಒಂದು ಕೈ ಮಂಡಿಯ ಮೇಲೆ, ಇನ್ನೊಂದು ಬಾಗಿಲ ಚೌಕಟ್ಟಿಗೆ. ಮೊದಲು ಮೈಯನ್ನೆಲ್ಲ ಮುಂದಕ್ಕೆ ಕೊಟ್ಟು, ಆಮೇಲೆ ಕಾಲಿಗೆ ಕೆಲಸ ಹೇಳಿ, ನಿಧಾನವಾಗಿ ಮೇಲೆ ಬಂದರು. ಎಷ್ಟು ವರ್ಷದಿಂದ ನೋಡುತ್ತಿದ್ದೇನೋ, ಅವತ್ತು ಕಂಡಿತು. ನನ್ನ ಸೇನಾಪತಿ ಮನೆಯಲ್ಲೇ ಇದ್ದಳು.

ಆದರೆ ಅವರನ್ನು ಬರೆಯುವುದು ಸುಲಭದ ಮಾತಲ್ಲ. ನಮ್ಮ ಮದುವೆಯ ದಿನ ಅವರು ರೇಷ್ಮೆ ಸೀರೆಯ ಮೇಲೆ ತಮ್ಮ ತಾಯಿಯ ಡಾಬು ಕಟ್ಟಿಕೊಂಡು ನಮ್ಮ ಪಕ್ಕ ಬಂದು ನಿಂತಿದ್ದರು. ಡಾಬಿನ ಮೇಲೆ ಎದುರುಬದುರು ಕೂತ ಎರಡು ನವಿಲು, ಎಡಗಡೆಯದರ ಕಣ್ಣಿನ ಕಲ್ಲು ಬಿದ್ದುಹೋಗಿದೆ. ಫೋಟೋದವನು, "ಆಂಟಿ, ಕೊಂಚಂ ಪಿನ್ನಾಡಿ ಪೋಂಗ," ಎಂದ. ಸ್ವಲ್ಪ ಹಿಂದೆ ಹೋಗಿ, ನೀವು ಫ್ರೇಮಿನಲ್ಲಿ ಹಿಡಿಸುತ್ತಿಲ್ಲ ಎಂದು. ಮಂಟಪದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವತ್ತು ಬೀರು ಸೇರಿದ ಡಾಬು ಮತ್ತೆ ಹೊರಗೆ ಬಂದಿಲ್ಲ. ಆಮೇಲಿನ ಎಲ್ಲ ಫೋಟೋಗಳಲ್ಲೂ ಅತ್ತೆ ಕೊನೆಯ ಸಾಲಿನಲ್ಲಿ, ಯಾರದ್ದಾದರೂ ಮಗುವನ್ನು ಹೊಟ್ಟೆಗೆ ಅಡ್ಡ ಹಿಡಿದುಕೊಂಡು ಇರುತ್ತಾರೆ. ಆ ನಗು ನನಗೆ ಈಗಲೂ ನಾಚಿಕೆ ತರಿಸುತ್ತದೆ.

ಆದರೂ ಶನಿವಾರವೆಲ್ಲ ಅವರನ್ನು ಕದ್ದು ನೋಡಿ ಬರೆದೆ. ಅವರ ಭುಜ, ಅವರ ಹೆಜ್ಜೆ, ಕೈಯಲ್ಲಿ ಎತ್ತಿ ಹಿಡಿದ ಭಲ್ಲೆ, ಸೊಂಟಕ್ಕೆ ನೆನಪಿನಿಂದ ಆ ನವಿಲಿನ ಡಾಬು. ಎಷ್ಟು ತಿದ್ದಿದರೂ ಕರಡಿ ಉಸಿರು ಹಿಡಿದೇ ನಿಂತಿತ್ತು.

ಭಾನುವಾರ ಬೆಳಿಗ್ಗೆ, ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ, ಅತ್ತೆ ಕಾಫಿ ಲೋಟ ಹಿಡಿದು ನೇರ ನನ್ನ ಬೆನ್ನ ಹಿಂದೆ ಬಂದು ನಿಂತರು. ಮುಚ್ಚಿಕೊಳ್ಳುವುದಕ್ಕೆ ಸಮಯವಿರಲಿಲ್ಲ.

"ಇದು ನನ್ನ ಡಾಬಲ್ವಾ? ಕಲ್ಲು ಬಿದ್ದಿರೋದೂ ಹಾಗೇ ಇದೆ."

ಕೆಲಸ, ಕರಡಿ, ಸೋಮವಾರ, ಎಲ್ಲ ಹೇಳಿಬಿಟ್ಟೆ. "ನಿಮಗೆ ಬೇಜಾರಾದ್ರೆ ಈಗಲೇ ಅಳಿಸ್ತೀನಿ ಅತ್ತೆ." ಅಳಿಸಿಯೂ ಬಿಡುತ್ತಿದ್ದೆ. ಪಾತ್ರ ಹೋದರೆ ಇನ್ನೊಂದು ಬರುತ್ತದೆ, ಕಿಟಕಿ ಬಿಟ್ಟುಕೊಟ್ಟವರನ್ನು ಎರಡನೇ ಸಲ ನೋಯಿಸಿದರೆ ಮುಗಿಯಿತು.

ಅವರು ಕನ್ನಡಕ ಹುಡುಕಿ ಹಾಕಿಕೊಂಡು ಬಗ್ಗಿ ನೋಡಿದರು. ನೋಡುತ್ತಲೇ ಇದ್ದರು.

"ಇದು ನಾನೇ ತಾನೆ?"

"ಹೂಂ."

"ಮತ್ತೆ ನನ್ನ ಹೊಟ್ಟೆ ಎಲ್ಲೋಯ್ತು?"

ಅವರೇ ಕರಡಿಯ ಸೊಂಟದ ಮೇಲೆ ಬೆರಳಿಟ್ಟರು.

"ಮರ್ಯಾದೆಗೆ ಅಂತ ಹೊಟ್ಟೆ ಕಮ್ಮಿ ಮಾಡಿದೀಯ. ಅದಕ್ಕೇ ಡಾಬು ನಟ್ಟನಡುವೆ ನಿಂತಿದೆ. ನನ್ನಂಥೋರಿಗೆ ಅದು ಅಲ್ಲಿ ನಿಲ್ಲಲ್ಲ ಕಣೆ. ಎರಡು ಹೆಜ್ಜೆ ಇಟ್ರೆ ಹೊಟ್ಟೆ ಕೆಳಗೆ ಜಾರತ್ತೆ. ಮುಂದೆ ತಗ್ಗು, ಹಿಂದೆ ಎತ್ತರ. ಇರು, ತೋರಿಸ್ತೀನಿ."

ಬೀರು ತೆಗೆದ ಸದ್ದು ಕೇಳಿತು. ಡಾಬು ನಾಲ್ಕು ಬೆರಳಷ್ಟು ಸಾಲದೆ ಬಂದಿತ್ತು, ಹೂ ಕಟ್ಟುವ ದಾರದಿಂದ ಬಿಗಿದುಕೊಂಡಿದ್ದರು. ಕೈಯಲ್ಲಿ ನೆಲ ಒರೆಸುವ ಕೋಲು. ಹಾಲ್‌ನ ನಡುವೆ ಕಾಲು ಅಗಲಿಸಿ ನಿಂತು, "ಇಷ್ಟು ಮೈ ಇಟ್ಕೊಂಡು ಕಾಲು ಜೋಡಿಸಿ ಯಾರಾದ್ರೂ ನಿಲ್ತಾರಾ? ಭಲ್ಲೆ ಯಾಕೆ ಎತ್ತಿ ಹಿಡಿದಿದಾಳೆ ಇವಳು? ನೆಲಕ್ಕೆ ಊರ್ಕೊಳ್ಳಲಿ, ಪಾಪ, ಮಂಡಿ ನೋವಿರತ್ತೆ," ಎಂದರು. ಯುದ್ಧ ಹೇಗೆ ಮಾಡುತ್ತಾಳೆ ಎಂದು ಕೇಳಿದೆ. ಅತ್ತೆ ಎಗ್ಮೋರಿನ ರೈಲ್ವೆ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. "ಸಾಯಂಕಾಲ ಲೋಕಲ್ ಹತ್ತೋವಾಗ ನಾನೇನು ಯಾರನ್ನಾದ್ರೂ ತಳ್ತಿದ್ನಾ? ಸುಮ್ನೆ ಒರಗ್ತಿದ್ದೆ. ಜನ ತಾವೇ ಒಳಗೆ ಹೋಗ್ತಿದ್ರು!"

ನಾನು ನಕ್ಕೆ. ಈ ಸಲ ಅವರೂ ನಕ್ಕರು. ನಗುವಾಗ ಡಾಬು ಇನ್ನಷ್ಟು ಕೆಳಗೆ ಜಾರಿತು, ಅದನ್ನು ಹಾಗೇ ಬರೆದುಕೊಂಡೆ. ಮಧ್ಯಾಹ್ನದ ಅಡುಗೆ ಯಾರ ತಲೆಗೂ ಬರಲಿಲ್ಲ, ನನ್ನ ಗಂಡ ಹಸಿದು ತಾನೇ ಉಪ್ಪಿಟ್ಟು ಕೆದಕಿ ನಮಗೂ ಹಾಕಿದ. ಸಂಜೆಯ ಹೊತ್ತಿಗೆ ಹೊಟ್ಟೆ ಪೂರ್ತಿ ಇಳಿಬಿಟ್ಟ, ಭಲ್ಲೆಗೆ ಒರಗಿ ನಿಂತ, ಯಾರಿಗೂ ಜಗ್ಗದ ಮುದಿ ಕರಡಿಯೊಂದು ನನ್ನ ಮುಂದಿತ್ತು. ಇಷ್ಟು ಖುಷಿಯಿಂದ ನಾನು ಯಾವ ಚಿತ್ರವನ್ನೂ ಬರೆದಿಲ್ಲ.

ಸೋಮವಾರ ಮೇಲಿನವರು ಚಿತ್ರ ನೋಡಿ, "ಹಾಂ, ಈಗ ಬಿಟ್ಟಿದೆ," ಎಂದಷ್ಟೇ ಅಂದರು. ಪಾತ್ರ ನನ್ನದೇ ಆಯಿತು. ದೊಡ್ಡದಾಗಿ ಒಂದು ಪ್ರಿಂಟ್ ಹಾಕಿಸಿ ಮನೆಗೆ ತಂದು ಹಾಲ್‌ನ ಗೋಡೆಗೆ ಅಂಟಿಸಿದೆ. ಅತ್ತೆ ಸೆರಗು ಸರಿಮಾಡಿಕೊಂಡು ಅದರ ಪಕ್ಕ ಹೋಗಿ ನಿಂತರು.

"ಒಂದು ಫೋಟೋ ತೆಗಿ."

ಫೋನ್ ಎತ್ತಿದೆ. ಕರಡಿ ಬಂದರೆ ಅತ್ತೆ ಅರ್ಧ, ಅತ್ತೆ ಬಂದರೆ ಕರಡಿ ಅರ್ಧ. ಏನು ಹೇಳಲಿ ಎಂದು ನಾನು ತಡವರಿಸುತ್ತಿದ್ದುದು ಅವರಿಗೆ ಗೊತ್ತಾಯಿತು. ಅಭ್ಯಾಸಬಲದಿಂದ ಹೊಟ್ಟೆಯ ಮೇಲೆ ಹೋಗಿದ್ದ ಕೈಯನ್ನು ಕೆಳಗಿಳಿಸಿದರು.

"ನಾನು ಹಿಂದೆ ಹೋಗಲ್ಲ," ಎಂದರು. "ಕೊಂಚಂ ಪಿನ್ನಾಡಿ ನೀನು ಹೋಗು."

ಬೆನ್ನಿಗೆ ಫ್ರಿಜ್ ತಗಲುವವರೆಗೂ ಹಿಂದೆ ಹೋದೆ. ಅಲ್ಲಿಂದ ಇಬ್ಬರೂ ಪೂರ್ತಿ ಕಂಡರು.