ಹದಿಮೂರನೇ ಮಷಿನ್

ದೊಡ್ಡ ಹಾಲಿಗೆ ಎಸಿ ಹಾಕುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ: ಎಷ್ಟು ಜನ ಕೂಡ್ತಾರೆ? ಬೈಲಹೊಂಗಲದ ಆ ಹೊಲಿಗೆ ಕ್ಲಾಸಿನಲ್ಲೂ ಅದನ್ನೇ ಕೇಳಿದೆ.

"ಹನ್ನೆರಡು ಹುಡುಗ್ಯಾರ್ರಿ," ಎಂದರು ಮಾಲೀಕರು.

ಎಣಿಸಿದರೆ ಮಷಿನ್ ಹದಿಮೂರು ಇದ್ದವು. ಮೂಲೆಯದಕ್ಕೆ ಬಟ್ಟೆ ಹೊದಿಸಿತ್ತು.

"ಅದು ನಮ್ಮ ಮನಿಯಾಕೀದ್ರಿ. ಅಕಿನ ಕಲಸ್ತಿದ್ಲು. ಫ್ಯಾನ್ ಹಚ್ಚಿದ್ರ ಕತ್ತರಿಸಿದ ಅರಿವಿ ತುಂಡು ಹಾರತಾವ ಅಂತ ಇಪ್ಪತ್ತು ವರ್ಷ ಫ್ಯಾನ್ ಬಂದ್ ಮಾಡೇ ಹೊಲದ್ಲು. ಎಸಿ ಹಾಕಸ್ರಿ ಅಂತಿದ್ಲು. ಮುಂದಿನ ಬ್ಯಾಸಗಿಗೆ ನೋಡೂಣು ಅಂತ ನಾನ ಮುಂದ ಹಾಕಿದೆ. ದೀಪಾವಳಿ ಹೊತ್ತಿಗೆ ತೀರಿಕೊಂಡ್ಲು."

ಟೇಪು ಹಿಡಿದು ಅಳತೆ ತೆಗೆದೆ. ಹಾಲ್ ಉದ್ದನೆಯದು. ಒಂದೇ ದೊಡ್ಡ ಎಸಿ ಹಾಕಿದರೆ ಆ ತುದಿಗೆ ತಂಪು ಮುಟ್ಟುವುದಿಲ್ಲ, ಎರಡು ಸಣ್ಣವು ಬೇಕು ಎಂದೆ. ಅವರು ತಕ್ಷಣ ಒಪ್ಪಿದರು.

"ಒಂದರ ಗಾಳಿ ಆ ಮೂಲಿ ಮಷಿನ್ ಮ್ಯಾಲೆ ಬೀಳೂಹಂಗ ಹಚ್ರಿ."

"ಬ್ಯಾಡ್ರಿ, ಕುಂತವರಿಗೆ ನೇರ ಗಾಳಿ ಬಡದ್ರ ಕುತಿಗಿ ಹಿಡಕೊಂತೈತಿ..." ಅನ್ನುತ್ತಿದ್ದವನು ಬಟ್ಟೆ ಹೊದಿಸಿದ ಆ ಮಷಿನ್ ಕಡೆ ನೋಡಿದೆ.

ಅವರು ಹೇಳಿದಲ್ಲೇ ಹಚ್ಚಿದೆ. ನೇರ ಗಾಳಿ ಬಡಿಯುತ್ತದೆ ಎಂದು ಆ ಮೂಲೆಯಿಂದ ಈವರೆಗೆ ಒಂದು ದೂರೂ ಬಂದಿಲ್ಲ.